ರುಚಿ ನೋಡದ ಅಡುಗೆಯವನು

ಪಾಲಹಳ್ಳಿಯ ದೇವಯ್ಯನ ಬಾಡೂಟ ಅಂದರೆ ಸುತ್ತಮುತ್ತ ಹೆಸರು. ಪಾಂಡವಪುರ, ನಾಗಮಂಗಲದ ಕಡೆಯವರೂ ಬೀಗರೂಟಕ್ಕೆ ದಿನ ಗೊತ್ತುಮಾಡುವ ಮೊದಲು ಅವನು ಬಿಡುವಾಗಿದ್ದಾನಾ ಎಂದು ಕೇಳುತ್ತಿದ್ದರು. ಒಲೆ ಮುಂದೆ ನಿಂತವನು ನಲ್ಲಿಮೂಳೆ ಹೀರಿ, ಸಾರಿನ ಮೇಲೆ ತೇಲುವ ಜಿಡ್ಡನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಉಪ್ಪು ಖಾರ ಹೇಳುವವನು.

ಐವತ್ತು ದಾಟಿದ ಮೇಲೆ ಎದೆನೋವು ಬಂತು. ಮೈಸೂರಿನಲ್ಲಿ ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಹೊಲಿದು ಬೈಪಾಸ್ ಮಾಡಿದರು. ಕೊಲೆಸ್ಟ್ರಾಲ್ ಮಾತ್ರೆ ಬಿಡಲೇಬಾರದು ಎಂದು ಹೇಳಿ ಕಳಿಸಿದರು. ವರ್ಷ ಕಳೆಯಿತು, ರಕ್ತದ ರಿಪೋರ್ಟು ಚೆನ್ನಾಗಿ ಬಂತು. ವಾಸಿಯಾಯಿತಲ್ಲ, ಇನ್ನೇಕೆ ಎಂದು ದೇವಯ್ಯ ಮಾತ್ರೆ ಬಿಟ್ಟ. ರಿಪೋರ್ಟು ಚೆನ್ನಾಗಿದ್ದದ್ದೇ ಮಾತ್ರೆಯಿಂದ ಎಂಬುದು ಅವನಿಗೆ ಹೊಳೆಯಲಿಲ್ಲ. ಹೆಂಡತಿ ಚಲುವಮ್ಮನಿಗೂ ಹೇಳಲಿಲ್ಲ.

ಒಂದು ಸಂಜೆ ನಾಲೆಯ ಏರಿ ಹತ್ತುವಾಗ ಉಸಿರು ಕಟ್ಟಿ ಕೂತುಬಿಟ್ಟ. ಹೊಲಿದಿದ್ದ ನಾಳವೇ ಒಳಗೆ ಕೊಬ್ಬು ಕಟ್ಟಿ ಮತ್ತೆ ಸಣ್ಣಗಾಗಿತ್ತು. ಸ್ಟೆಂಟ್ ಹಾಕಿದ ಡಾಕ್ಟರಮ್ಮ ಬಯ್ಯಲಿಲ್ಲ. ಆಪರೇಷನ್ನು ರಕ್ತ ಹರಿಯಲು ದಾರಿ ಮಾಡಿಕೊಡುತ್ತದೆ, ರಕ್ತದಲ್ಲಿರುವ ಕೊಬ್ಬನ್ನು ತೆಗೆಯುವುದಿಲ್ಲ, ಅದು ನಿಮ್ಮ ಕೈಲಿದೆ ಎಂದರು.

ರುಚಿ ನೋಡಿ ನೋಡಿಯೇ ಜಿಡ್ಡು ಒಳಗೆ ಹೋಗುವುದು, ಒಲೆ ಬಿಡು ಎಂದು ಮನೆಯವರೆಲ್ಲ ಹೇಳಿದರು. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಟ್ಟಿ ಹಿಂದೆ ಕೂತು ಅತ್ತ. ಆಮೇಲೆ ಹೆಂಡತಿಯ ಹತ್ತಿರ ಬಂದು, "ಬೇಯ್ಸೋದು ನಾನು, ನಾಲ್ಗೆ ನಿಂದು. ಬತ್ತೀಯೇನಮ್ಮಿ?" ಅಂದ.

ಊಟದ ಮನೆಗಳ ದೊಡ್ಡ ಒಲೆ ಹತ್ತಿರ ಎಂದೂ ನಿಲ್ಲದ ಚಲುವಮ್ಮ ಹೊರಟಳು. ಅವನು ವಾಸನೆ ಹಿಡಿದು, ಕುದಿಯ ಸದ್ದು ಕೇಳಿ ಹದ ಹೇಳುವುದು ಕಲಿತ. ಮಿಕ್ಕಿದ್ದನ್ನು ಅವಳು ಹೇಳಿದಳು. ಆರಂಭದಲ್ಲಿ ಒಂದೆರಡು ಕಡೆ ಸಾರು ಕೆಟ್ಟಿತು, ಮಾತೂ ಕೇಳಬೇಕಾಯಿತು.

ಹೇಮಗಿರಿ ಹತ್ತಿರ ಧರ್ಮೇಂದ್ರ ಅನ್ನುವವರ ಮನೆಯಲ್ಲಿ ಬೀಗರೂಟ. ಮೊದಲ ತುಂಡು ಅಡುಗೆಯವನೇ ತಿನ್ನಬೇಕೆಂಬುದು ಅವರ ರೂಢಿ. ದೇವಯ್ಯ ಮುಂದಿಟ್ಟ ಎಲೆಯನ್ನು ಸರಿಸಿದ. ಧರ್ಮೇಂದ್ರನ ಮುಖ ಬಿಗಿಯಿತು.

"ನೀನ್ ಮಾಡಿದ್ದ ನೀನೇ ತಿನ್ನಲ್ಲ ಅಂದ್ರೆ ನಾವೆಂಗೆ ತಿನ್ನಾದು, ದೇವಣ್ಣ?"

ದೇವಯ್ಯ ಅಂಗಿ ಗುಂಡಿ ಬಿಚ್ಚಿ ಎದೆಯ ಮೇಲಿನ ಹೊಲಿಗೆ ಗುರುತು ತೋರಿಸಿದ. "ಒಂದ್ಸಲ ಕುಯ್ಸ್ಕಂಡೆ. ವಾಸಿ ಆಯ್ತು ಅಂತ ಮಾತ್ರೆ ಬುಟ್ಬುಟ್ಟೆ, ತಿರ್ಗ ಕಟ್ಕತು. ಬೇಜಾರ್ ಮಾಡ್ಕಬ್ಯಾಡ ಕಣಪ್ಪ."

ಚಲುವಮ್ಮ ಮುಂದೆ ಬಂದು ಆ ತುಂಡನ್ನು ಎಲ್ಲರೆದುರು ತಿಂದು, ಉಪ್ಪು ಒಂಚೂರು ಕಮ್ಮಿಯಾಗಿದೆ ಎಂದಳು. ಜನ ನಕ್ಕು ಪಂಕ್ತಿಗೆ ಕೂತರು.

ಊಟ ಮುಗಿದ ಮೇಲೆ ಧರ್ಮೇಂದ್ರನ ಅಣ್ಣ ಚಲುವರಾಜು ಪಾತ್ರೆ ತೊಳೆಯುವ ಕಡೆ ಬಂದು ನಿಂತ. ಅವನಿಗೂ ಸ್ಟೆಂಟ್ ಹಾಕಿದ್ದರು. ತಾನೂ ಮಾತ್ರೆ ಬಿಟ್ಟು, ಮನೆಯಲ್ಲಿ ಹೇಳದೆ ಓಡಾಡುತ್ತಿರುವುದಾಗಿ ದೇವಯ್ಯನಿಗೆ ಹೇಳಿಕೊಂಡ. ದೇವಯ್ಯ ಬುದ್ಧಿ ಹೇಳಲು ಹೋಗಲಿಲ್ಲ. ಮಾರನೆಯ ಬೆಳಗ್ಗೆ ಕೆ.ಆರ್.ಪೇಟೆಗೆ ತಾನೇ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂತು ಪರೀಕ್ಷೆಗೆ ರಕ್ತ ಕೊಡಿಸಿದ. ಕೊಬ್ಬಿನಂಶ ಮಿತಿಮೀರಿತ್ತು. ಡಾಕ್ಟರು ಮಾತ್ರೆ ಮತ್ತೆ ಶುರುಮಾಡಿದರು. ಚಲುವರಾಜು ಇವತ್ತಿಗೂ ಗದ್ದೆ ಕೆಲಸ ಮಾಡಿಕೊಂಡಿದ್ದಾನೆ.

ಈಗ ದೇವಯ್ಯ ಅಡುಗೆಗೆ ಹೋದ ಊರಲ್ಲೆಲ್ಲ ಎದೆ ಆಪರೇಷನ್ ಆದವರು ಯಾರಿದ್ದಾರೆ ಎಂದು ವಿಚಾರಿಸುತ್ತಾನೆ. ಅವರಿಗೆಂದು ಬೇರೆ ಪಾತ್ರೆಯಲ್ಲಿ ಸೊಪ್ಪಿನ ಸಾರು ಕುದಿಯುತ್ತದೆ. ಅವರ ಪಕ್ಕದಲ್ಲೇ ಕೂತು ಅದೇ ಸಾರಿಗೆ ಮುದ್ದೆ ಮುರಿಯುತ್ತಾನೆ. ಮಾತ್ರೆ ತಪ್ಪಿಸದ ದೇವಯ್ಯನಿಗೆ ಈಚಿನ ತಪಾಸಣೆಯಲ್ಲಿ ಕೊಬ್ಬು ಹತೋಟಿಯಲ್ಲಿದೆ, ಹೃದಯ ಚೆನ್ನಾಗಿದೆ ಎಂದರಂತೆ. ಗಂಡಹೆಂಡಿರು ಆಸ್ಪತ್ರೆಯಿಂದ ನೇರ ನಾಗಮಂಗಲದ ಬಸ್ಸು ಹತ್ತಿದರು. ಅಲ್ಲೊಂದು ಮದುವೆ ಮನೆಯವರು ಕಾಯುತ್ತಿದ್ದರು.