ಏಳನೇ ನರದ ದಾರಿ

ಟೋಕಿಲುಪೆಗೆ ಏಳನೇ ನರದ ದಾರಿ ಬಾಯಿಪಾಠ. ಮಿದುಳಿನ ಕಾಂಡದಿಂದ ಹೊರಟು, ಕಿವಿಯ ಎಲುಬಿನೊಳಗೆ ತಿರುಗಿ, ಕಿವಿಯ ಕೆಳಗಿನ ಜೊಲ್ಲುಗ್ರಂಥಿಯ ನಡುವೆ ಹಾದು ಮುಖದ ಸ್ನಾಯುಗಳಿಗೆ ಹರಡುತ್ತದೆ. ತೆಂಗಿನಕಾಯಿ ತುರಿಯುವಾಗಲೂ ಬಟ್ಟೆ ಹರವುವಾಗಲೂ ಅದನ್ನೇ ಗೊಣಗುತ್ತಿದ್ದಳು. ಕೂತಲ್ಲಿ ಕೂರಲಾರಳು, ಪುಸ್ತಕ ತೆರೆದರೆ ಎರಡನೇ ಪುಟಕ್ಕೆ ಎದ್ದು ಅಂಗಳ ಸುತ್ತುವಳು.

ಫಿಜಿಯ ಸುವಾ ಊರಿನ ವೈದ್ಯ ಕಾಲೇಜಿನ ನಾಲ್ಕನೇ ವರ್ಷದ ಪರೀಕ್ಷೆಯಲ್ಲಿ ಅವಳು ಫೇಲಾದದ್ದು ಇದೇ ನರದಿಂದ. ರೋಗಿಯ ಬಾಯಿ ಸೊಟ್ಟಗಾಗಿತ್ತು, ವಯಸ್ಸು ಅಪ್ಪನಷ್ಟು. ನರದ ದಾರಿಯನ್ನು ಪೂರ್ತಿ ಒಪ್ಪಿಸಿದವಳು ಕಿವಿಯ ಕೆಳಗೆ ಕೈ ಇಡಲಿಲ್ಲ. ಅಲ್ಲಿ ನೆಲ್ಲಿಕಾಯಿ ಗಾತ್ರದ ಗಂಟಿತ್ತು. ಅವಳು ಟೊಂಗಾ ದ್ವೀಪದವಳು, ಅಲ್ಲಿ ಮಕ್ಕಳು ಅಪ್ಪನ ತಲೆ ಮುಟ್ಟುವುದಿಲ್ಲ. ಆ ವಯಸ್ಸಿನ ಯಾರ ತಲೆಯತ್ತಲೂ ಅವಳ ಕೈ ಏಳುವುದೇ ಇಲ್ಲ. ಮರುಪರೀಕ್ಷೆಗೆ ಹನ್ನೊಂದು ದಿನ ಇತ್ತು. ಅದರಲ್ಲೂ ಹೋದರೆ ಡಾಕ್ಟರ್ ಓದು ಅಲ್ಲಿಗೇ ಮುಗಿಯಿತು.

ಟೊಂಗಾದ ಕೊಲೊವಾಯ್ ಹಳ್ಳಿಯ ಮನೆಗೆ ಬಂದವಳು ಅಭ್ಯಾಸಕ್ಕೆ ಒಂದು ತಲೆ ಹುಡುಕಿದಳು. ಅಪ್ಪನದು ಆಗದು. ಅಣ್ಣನ ಮೈ ಮುಟ್ಟುವಂತಿಲ್ಲ. ಸೋದರತ್ತೆಯಂತೂ ಅಪ್ಪನಿಗಿಂತ ದೊಡ್ಡ ಸ್ಥಾನದವಳು. ಉಳಿದದ್ದು ಅಮ್ಮನ ತಮ್ಮ ಕೆಪು. ಸೋದರಮಾವನ ಮೇಲೆ ಅಕ್ಕನ ಮಗಳಿಗೆ ಎಲ್ಲ ಸಲಿಗೆಯೂ ಉಂಟು, ಅವನ ತಟ್ಟೆಯ ಮೀನನ್ನೂ ಎತ್ತಿಕೊಳ್ಳಬಹುದು.

"ಕೂತ್ಕೋ ಮಾವ."

"ಮತ್ತಾ? ಬೆಳಗಿಂದ ನಾಕನೇ ಸಲ ಕಣೇ. ನನ್ ಮುಖ ಏನು ಹಿಟ್ಟಾ, ನಾದ್ತಾನೇ ಇರೋಕೆ?"

"ಹಲ್ಲು ಕಿರಿ. ಈಗ ಕಣ್ಣು ಬಿಗಿಯಾಗಿ ಮುಚ್ಚು."

"ನನ್ ಹೆಂಡ್ತಿನೂ ಇಷ್ಟು ಹುಕುಂ ಮಾಡಲ್ವಲ್ಲೇ!"

ಐದು ದಿನಗಳಲ್ಲಿ ಬೆರಳುಗಳು ಪಳಗಿದವು.

"ಎಲ್ಲಾ ಸರಿಯಾಗೇ ಬರ್ತಿದೆ ಮಾವ. ಆದ್ರೂ ಯಾಕೋ ಭಯ."

"ನನ್ ಮೇಲೆ ಬರುತ್ತೆ ಬಿಡು. ನಾನೇನು ನಿಂಗೆ ಲೆಕ್ಕಕ್ಕಿದ್ದೀನಾ?"

ಕೆಪು ಒಳಗೆ ಹೋಗಿ, ಚರ್ಚಿಗೆ ಹೋಗುವಾಗ ಸೊಂಟಕ್ಕೆ ಸುತ್ತುವ ಚಾಪೆಯನ್ನು ಬಿಗಿದುಕೊಂಡು ಬಂದು ಚಕ್ಕಳಮಕ್ಕಳ ಹಾಕಿ ಕೂತ. ನಗಲಿಲ್ಲ. ಹಿರಿಯರ ಗತ್ತಿನಲ್ಲಿ ಅವಳ ತಲೆಯ ಮೇಲಿಂದ ಎಲ್ಲೋ ದೂರ ನೋಡಿದ.

ಅವಳ ಕೈ ಅರ್ಧಕ್ಕೇ ನಿಂತಿತು. ಮಾವನೇ ಎಂದು ಗೊತ್ತಿದ್ದೂ ನಿಂತಿತು.

"ನೋಡಿದ್ಯಾ?" ಎಂದ, ತುಟಿ ಅಲ್ಲಾಡಿಸದೆ. "ಮೊದ್ಲು ಅಪ್ಪಣೆ ಕೇಳು. ನಾನು ಹೂಂ ಅನ್ನೋವರ್ಗೂ ಕಾಯಿ."

ಉಳಿದ ದಿನಗಳೆಲ್ಲ ಹಾಗೇ ನಡೆಯಿತು. ಅವಳು ಮೊಣಕಾಲೂರಿ, ತಲೆ ತಗ್ಗಿಸಿ, ಅಪ್ಪಣೆ ಬೇಡುವ "ತುಲೌ" ಎಂಬ ಮಾತು ಹೇಳುವಳು. ಕೆಪು ಒಮ್ಮೊಮ್ಮೆ ಬೇಕೆಂದೇ ಎರಡು ನಿಮಿಷ ಹೂಂ ಎನ್ನುತ್ತಿರಲಿಲ್ಲ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಸುವಾದಲ್ಲಿ ಮರುಪರೀಕ್ಷೆಯ ಬೆಳಿಗ್ಗೆ ಕಾರಿಡಾರಿನ ಬೆಂಚಿನಿಂದ ಎಷ್ಟು ಸಲ ಎದ್ದು ಕೂತಳೋ. ಒಳಗೆ ಮತ್ತೊಂದು ಸೊಟ್ಟ ಮುಖ. ಬೆಳ್ಳಗಾದ ಗುಂಗುರು ಕೂದಲಿನ ಫಿಜಿಯ ಅಜ್ಜ.

"ಎಂಟೇ ನಿಮಿಷ," ಎಂದರು ಪರೀಕ್ಷಕಿ.

ಟೋಕಿಲುಪೆ ಮೊಣಕಾಲೂರಿದಳು. "ತುಲೌ, ತಾತ." ಆ ಮಾತು ಫಿಜಿಯವರದೂ ಹೌದು. ಅಜ್ಜ ಉತ್ತರಿಸಲಿಲ್ಲ. ಪರೀಕ್ಷಕಿ ಗಡಿಯಾರ ನೋಡಿದರು. ಅವಳು ಕಾದಳು. ಆಮೇಲೆ ಅಜ್ಜ ಹೂಂ ಎಂಬಂತೆ ಗಲ್ಲ ತಗ್ಗಿಸಿದರು.

ಕಿವಿಯ ಕೆಳಗೆ ಮೂರು ಬೆರಳು ಇಟ್ಟು ಒತ್ತಿದಳು. ಮೆತ್ತಗಿತ್ತು. ಮತ್ತೊಮ್ಮೆ ಒತ್ತಿದಳು. "ಗಂಟಿಲ್ಲ," ಎಂದಳು. ಕಿವಿಯನ್ನು ಮೆಲ್ಲಗೆ ಮುಂದಕ್ಕೆ ಮಡಚಿ ಹಿಂಭಾಗ ನೋಡಿದಳು, ಬಳಿಕ ಕಿವಿಯ ಗುಳಿಗೆ ಬೆಳಕು ಬಿಟ್ಟಳು. ಅಲ್ಲಿ ಒಣಗುತ್ತಿರುವ ಸಣ್ಣ ಗುಳ್ಳೆಗಳಿದ್ದವು. ಸರ್ಪಸುತ್ತಿನವು. ಏಳನೇ ನರವನ್ನು ಹಿಡಿದದ್ದು ಅದೇ. ಅವಳು ರೋಗದ ಹೆಸರು ಹೇಳಿ ಹಿಂದೆ ಸರಿದಳು.

"ಇನ್ನೊಂದು ಕಿವಿನೂ ನೋಡಮ್ಮಾ," ಎಂದರು ಅಜ್ಜ, ಅರ್ಧ ಬಾಯಿಯಲ್ಲಿ. "ಅದಕ್ಕೆ ಬೇಜಾರಾಗುತ್ತೆ."

ಎರಡೂ ಬದಿ ಹೋಲಿಸಬೇಕೆಂಬುದನ್ನೇ ಮರೆತಿದ್ದಳು! ಈ ಸಲ ಅಪ್ಪಣೆ ಕೇಳದೆಯೇ ಕೈ ಹೋಯಿತು. ಪರೀಕ್ಷಕಿ ತಲೆ ಎತ್ತದೆ ಏನೋ ಬರೆದುಕೊಂಡರು.

ಸಂಜೆ ನಾಲ್ಕಕ್ಕೆ ಗೋಡೆಗೆ ಪಟ್ಟಿ ಅಂಟಿಸಿದರು. ಪಾಸಾದವರಲ್ಲಿ ಅವಳ ಸಂಖ್ಯೆ ಕೆಳಗಿನಿಂದ ಮೂರನೆಯದು. ಹಿಂದೆ ನಿಂತವರು "ಸರಿಯಮ್ಮಾ, ನಾವೂ ನೋಡ್ಬೇಕು" ಎಂದು ತಳ್ಳುವವರೆಗೂ ಅವಳು ಅದನ್ನೇ ಓದುತ್ತಿದ್ದಳು.