ಸೀಮೆಸುಣ್ಣದ ಬೀದಿ

ಬೆಳಕು ಹರಿಯುವ ಮೊದಲೇ ಸಿಸ್ಟರ್ ನೆಲದ ಮೇಲೆ ಮಂಡಿಯೂರಿ ಬೀದಿ ಬರೆಯುತ್ತಿದ್ದಾರೆ. ಜೈಲಿನ ಆಸ್ಪತ್ರೆಯ ಹಿಂದಿನ ಕೋಣೆ. ಕುರ್ಚಿಗಳನ್ನೆಲ್ಲ ಗೋಡೆಗೆ ಒತ್ತರಿಸಿದ್ದಾಗಿದೆ. ಸೀಮೆಸುಣ್ಣದಲ್ಲಿ ಮೊದಲು ಬಸ್ ಸ್ಟಾಪು, ಆಮೇಲೆ ಪೆಟ್ರೋಲ್ ಬಂಕು, ಬಣ್ಣದಂಗಡಿ, ಕೊನೆಗೊಂದು ಮನೆ. ಬಂಕಿನ ಹಿಂದೆ ಇವತ್ತು ಹೊಸದಾಗಿ ಒಂದು ಓಣಿ. ಅದನ್ನು ಎಳೆಯುವಾಗ ಮಾತ್ರ ಕೈ ತಡೆಯುತ್ತದೆ.

ಹೆಂಗಸರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿ ಶಿಕ್ಷೆ ಅನುಭವಿಸುತ್ತಿರುವವರ ವಿಭಾಗವಿದು. ಇಲ್ಲಿಯ ಗಂಡಸರು ಇವರನ್ನು ಕರೆಯುವುದು 'ಚಾಕ್‌ಪೀಸ್ ಸಿಸ್ಟರ್' ಎಂದು. ಬಿಡುಗಡೆ ಹತ್ತಿರ ಬಂದವನು ತಾನು ಮರಳಿ ಹೋಗಲಿರುವ ಬೀದಿಯಲ್ಲಿ, ಅಂದರೆ ಈ ನೆಲದ ಮೇಲೆ, ನಡೆಯಬೇಕು. ಹೆಜ್ಜೆ ಹೆಜ್ಜೆಗೂ ಮನಸ್ಸಿನಲ್ಲಿ ಏನು ಬರುತ್ತದೆಂದು ಬಾಯಿಬಿಟ್ಟು ಹೇಳಬೇಕು.

"ಎಲ್ಲಾ ಕಾಮದಿಂದಲೇ ಅಂತ ಜನ ಅಂದ್ಕೊಂಡಿದಾರೆ" ಎನ್ನುತ್ತಾರೆ ಇಲ್ಲಿಯ ಮನೋವೈದ್ಯರು. "ಒಬ್ಬನಿಗೆ ಎಲ್ಲೋ ತಿಂದ ಅವಮಾನದ ಸಿಟ್ಟು. ಒಬ್ಬನಿಗೆ ಇನ್ನೊಬ್ಬರನ್ನ ಮುಷ್ಟೀಲಿ ಹಿಡಿಯೋ ಚಟ. ಇನ್ನೊಬ್ಬ 'ಅವಳಿಗೂ ಇಷ್ಟ ಇತ್ತು' ಅಂತ ತನಗೆ ತಾನೇ ಕಥೆ ಕಟ್ಕೊಂಡಿರ್ತಾನೆ. ಕಾರಣ ಹುಡುಕೋದು ಅಂದ್ರೆ ಕ್ಷಮಿಸೋದಲ್ಲ. ಮತ್ತೆ ಆಗದ ಹಾಗೆ ನೋಡ್ಕೊಳ್ಳೋದು."

ಸಿಸ್ಟರ್ ಮೊದಲು ಹೆರಿಗೆ ವಾರ್ಡಿನಲ್ಲಿದ್ದರು. ಇಲ್ಲಿಗೆ ವರ್ಗವಾದಾಗ ಅತ್ತೆ ಮಾತು ಬಿಟ್ಟಿದ್ದರು. ಈಗ ಮಾತಾಡುತ್ತಾರೆ, ಆದರೆ ಚುಚ್ಚಿ: "ಏನಮ್ಮಾ, ನಿನ್ನ ರಾಕ್ಷಸರೆಲ್ಲ ಉಂಡ್ರಾ?"

"ರಾಕ್ಷಸರಾಗಿದ್ರೆ ಸಲೀಸಾಗಿರ್ತಿತ್ತು ಅತ್ತೆ. ಕೋರೆಹಲ್ಲು ನೋಡಿ ಗುರುತು ಹಿಡೀಬಹುದಿತ್ತು."

ಅತ್ತೆಯನ್ನು ನಗಿಸಿದರೂ ಸಿಸ್ಟರ್‌ಗೆ ನಿದ್ದೆ ಹತ್ತುವುದು ಕಷ್ಟ. ಕಾಲೇಜಿನಿಂದ ಮಗಳು ಬರುವುದು ತುಸು ತಡವಾದರೆ ಬಾಗಿಲಲ್ಲೇ ನಿಂತಿರುತ್ತಾರೆ. ರಜೆಯ ದಿನ ಬಸ್ಸು ಹತ್ತಿ, ಕೈದಿ ಹೇಳಿದ ಬೀದಿಯನ್ನು ತಾವೇ ನಡೆದು ನೋಡಿ ಬರುತ್ತಾರೆ. ಇದು ಯಾರೂ ಹೇಳಿಕೊಟ್ಟದ್ದಲ್ಲ, ಮನಸ್ಸು ತಡೆಯದೆ ಹಿಡಿದ ಅಭ್ಯಾಸ. ಕಳೆದ ವಾರ ಹಾಗೆ ಹೋದಾಗಲೇ ಬಂಕಿನ ಹಿಂದಿನ ಓಣಿ ಕಣ್ಣಿಗೆ ಬಿದ್ದದ್ದು. ಆ ಬೀದಿಗೆ ಮರಳಬೇಕಾದ ಕೈದಿ, ಇಲ್ಲಿ ಎಲ್ಲರೂ 'ಪೇಂಟರ್' ಎನ್ನುವವನು, ಅದರ ಮಾತೇ ಎತ್ತಿರಲಿಲ್ಲ.

ಪೇಂಟರನ ಬಿಡುಗಡೆಗೆ ಡಾಕ್ಟರು ಅಭಿಪ್ರಾಯ ಕೊಡಬೇಕಾದದ್ದು ಇವತ್ತೇ. ಅವನು ಒಳಗೆ ಬರುತ್ತಾನೆ, ತಲೆ ಬಾಚಿಕೊಂಡು, ಹಗುರಾಗಿ. ಬಸ್ ಸ್ಟಾಪಿನಿಂದ ಚುರುಕಾಗಿ ಹೊರಟವನು ಬಂಕಿನ ಹತ್ತಿರ ಗಕ್ಕನೆ ನಿಲ್ಲುತ್ತಾನೆ.

"ಇದ್ಯಾಕೆ ಬರೆದ್ರಿ? ನಾನು ಆ ಕಡೆ ಹೋಗೋದೇ ಇಲ್ಲ."

"ಹೋಗದೇ ಇರೋ ದಾರೀನ ಯಾಕಪ್ಪಾ ಮುಚ್ಚಿಟ್ಟೆ?"

ಗೋಡೆಯ ಪಕ್ಕ ಕೂತ ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಡುತ್ತಾರೆ. ಪೇಂಟರನ ಕಾಲು ಗೆರೆ ದಾಟುವುದೂ ಇಲ್ಲ, ಹಿಂದಕ್ಕೂ ಸರಿಯುವುದಿಲ್ಲ.

"ಅವತ್ತು ಮೇಸ್ತ್ರಿ ಎಲ್ಲರೆದುರು ಮರ್ಯಾದೆ ತೆಗೆದಿದ್ದ" ಎನ್ನುತ್ತಾನೆ ಕೊನೆಗೆ. "ಅವನಿಗೆ ಎದುರು ಮಾತಾಡೋಕೆ ಧೈರ್ಯ ಇರಲಿಲ್ಲ. ಓಣೀಲಿ ಆ ಹೆಂಗಸು ಕೆಲಸ ಮುಗಿಸಿ ಬರ್ತಿದ್ಲು. ನನ್ನ ನೋಡಿ ಒಬ್ರಾದ್ರೂ ಹೆದರಲಿ ಅನ್ನಿಸ್ತು."

"ನಾಳೆ ಇನ್ನೊಬ್ಬ ಮೇಸ್ತ್ರಿ ಬೈದ್ರೆ?"

ಪೇಂಟರನ ಕಣ್ಣು ಮತ್ತೆ ಓಣಿಯ ಗೆರೆಗೇ ಹೋಗುತ್ತದೆ. ಸಿಸ್ಟರ್ ಡಾಕ್ಟರ ಮುಖ ನೋಡಿ ಅಡ್ಡಡ್ಡ ತಲೆಯಾಡಿಸುತ್ತಾರೆ: ಬಿಡುಗಡೆ ಈಗ ಬೇಡ. ಡಾಕ್ಟರು ಹಾಗೆಯೇ ಬರೆಯುತ್ತಾರೆ.

ಗೇಟಿನ ಹೊರಗೆ ಪೇಂಟರನ ತಾಯಿ, ಮಗನಿಗೆಂದು ತಂದ ಹೊಸ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಸುದ್ದಿ ಹೇಳಲು ಸಿಸ್ಟರೇ ಹೋಗುತ್ತಾರೆ. ಅದನ್ನು ಬೇರೆಯವರಿಗೆ ಬಿಡುವುದಿಲ್ಲ.

"ಅವನೆಲ್ಲಾ ನಿಜ ಹೇಳಿದ್ನಂತಲ್ಲ, ಅದಕ್ಕಿದಾ ಕೂಲಿ? ನಿಂಗೂ ಮಕ್ಕಳಿಲ್ವೇನೇ ತಾಯಿ?"

"ಇದಾಳಮ್ಮ, ಮಗಳು. ಅದಕ್ಕೇ."

ಆ ತಾಯಿ ಅಂಗಿಯನ್ನು ಮತ್ತೊಮ್ಮೆ ಮಡಚುತ್ತಾರೆ. ಸಿಸ್ಟರ್ ಪಕ್ಕದಲ್ಲೇ ಕೂತಿರುತ್ತಾರೆ, ಬಸ್ಸು ಬರುವವರೆಗೆ.

ಕೋಣೆಗೆ ಮರಳಿದರೆ ಪೇಂಟರ್ ಇನ್ನೂ ಅಲ್ಲೇ ಇದ್ದಾನೆ. ಬೈಯುತ್ತಾನೆಂದು ಸಿಸ್ಟರ್ ಕಾಯುತ್ತಾರೆ. ಅವನು ತಲೆಯೆತ್ತದೆ ಕೇಳುತ್ತಾನೆ: "ಮುಂದಿನ ವಾರ ಓಣೀನ ನಾನೇ ಬರೀಲಾ?"

ಅವನು ಹೋದ ಮೇಲೆ, ಒದ್ದೆ ಬಟ್ಟೆಯಿಂದ ಬೀದಿಯನ್ನು ಒರೆಸುತ್ತ ಸಿಸ್ಟರ್ ಡಾಕ್ಟರ ಹತ್ತಿರ ತಮ್ಮ ಆಸೆ ಹೇಳಿಕೊಳ್ಳುತ್ತಾರೆ. ಸನ್ಮಾನ, ಬಡ್ತಿ, ಏನೂ ಅಲ್ಲ.

"ನಾನು ಹೋದ ದಿನ ಆ ಓಣೀಲಿ ಒಬ್ಬಳು ಟಿಫಿನ್ ಡಬ್ಬಿ ಹಿಡ್ಕೊಂಡು, ಫೋನಲ್ಲಿ ಯಾರನ್ನೋ ರೇಗಿಸ್ತಾ, ನಕ್ಕೊಂಡು ಹೋಗ್ತಿದ್ಲು. ನಾನು ಅಂತ ಒಬ್ಬಳಿದೀನಿ ಅಂತ ತಿಳ್ಕೊಳ್ಳೋ ಗತಿ ಅವಳಿಗೆ ಯಾವತ್ತೂ ಬರ್ಬಾರ್ದು. ಅಷ್ಟೇ."