ಮೇಜಿನ ಕೆಳಗೆ ಕೂತ ಸೂಲಗಿತ್ತಿ

ಫ್ರಾನ್ಸಿನ ಆರ್ದೆಶ್ ಬೆಟ್ಟದ ಮೇಲಿನ ನಮ್ಮ ಊರಿನಲ್ಲಿ ಮೂವತ್ತು ದಾಟದ ಯಾರನ್ನೇ ಕೇಳಿ, ಅವರನ್ನು ಈ ಲೋಕದಲ್ಲಿ ಮೊದಲು ಎತ್ತಿಕೊಂಡವಳು ಒಡಿಲ್. ಆಸ್ಪತ್ರೆಯ ಹೆರಿಗೆ ವಾರ್ಡಿನ ಸೂಲಗಿತ್ತಿ. ಗಂಟಲು ದೊಡ್ಡದು, ಬಾಯಿ ಖಾರ. ನೋವು ತಿನ್ನುವ ಹೆಂಗಸರನ್ನು ಬಿಟ್ಟು, ಬಾಗಿಲಲ್ಲಿ ತಲೆ ಸುತ್ತಿ ಬೀಳುವ ಗಂಡಂದಿರನ್ನು ಬೈಯುತ್ತಿದ್ದಳು. ನಾನೂ ಬೈಸಿಕೊಂಡವನೇ.

ಕಳೆದ ಶರತ್ಕಾಲದಲ್ಲಿ ಆ ವಾರ್ಡಿಗೆ ಬೀಗ ಬಿತ್ತು. ಇಲ್ಲಿ ಸಾಕಷ್ಟು ಹೆರಿಗೆ ಆಗುವುದಿಲ್ಲವಂತೆ, ಆದ್ದರಿಂದ ಇಲ್ಲಿ ಹೆರುವುದು ಅಪಾಯವಂತೆ. ಹಿಮ ಬಿದ್ದ ಘಟ್ಟದ ರಸ್ತೆಯಲ್ಲಿ ಒಂದೂವರೆ ಗಂಟೆ ಕುಲುಕಾಡಿಕೊಂಡು ಹೋಗಿ ಹೆರುವುದು ಕ್ಷೇಮವಂತೆ. ಇಂಥ ಬುದ್ಧಿ ಪ್ಯಾರಿಸ್ಸಿನ ಬೆಚ್ಚಗಿನ ಕಚೇರಿಗಳಲ್ಲಿ ಮಾತ್ರ ಹುಟ್ಟುತ್ತದೆ. ಒಡಿಲ್‌ಳ ಅಕ್ಕನ ಮಗಳು ನೊಯೆಮಿ ಆಗ ಬಸುರಿ.

ಜನವರಿಯಲ್ಲಿ ಮೇಯರ್ ಊರವರನ್ನೆಲ್ಲ ಕರೆದು, ಶುಭಾಶಯ ಹೇಳಿ, ಕ್ರಿಸ್‌ಮಸ್ ಮುಗಿದ ಮೇಲಿನ ಹಬ್ಬದ ‘ರಾಜರ ಕೇಕು’ ಕತ್ತರಿಸುವುದು ವಾಡಿಕೆ. ಈ ಸಲ ಸಂಸದ ಲಾಫರ್ಗ್ ಕೂಡ ಬಂದ. ಚುನಾವಣೆಗೆ ಮುಂಚೆ ಇದೇ ಸಭಾಂಗಣದಲ್ಲಿ, ತಾನಿರುವ ತನಕ ವಾರ್ಡ್ ಮುಚ್ಚುವುದಿಲ್ಲ ಎಂದು ಎದೆ ತಟ್ಟಿಕೊಂಡಿದ್ದ ಮನುಷ್ಯ. ವಾರ್ಡಿನ ಹಣ ಕತ್ತರಿಸಿದ ಬಜೆಟ್ಟಿನ ವಿಷಯ ಒಡಿಲ್ ಎತ್ತಿದಳು. ತಾನು ಅದಕ್ಕೆ ಮತವನ್ನೇ ಹಾಕಿಲ್ಲ, ಸರ್ಕಾರ ಸಂವಿಧಾನದ ಕಲಮು ಹಿಡಿದು ಮತದಾನವಿಲ್ಲದೆಯೇ ಪಾಸು ಮಾಡಿಕೊಂಡಿತು, ತನ್ನ ಕೈಯಲ್ಲಿ ಏನಿತ್ತು ಎಂದು ಆತ ನಯವಾಗಿ ಜಾರಿಕೊಂಡ.

“ಆಮೇಲೆ ಅವಿಶ್ವಾಸ ಗೊತ್ತುವಳಿ ಬಂತಲ್ಲ ಸಾಹೇಬ್ರೇ. ಸರ್ಕಾರ ಬಿದ್ದಿದ್ರೆ ಆ ಬಜೆಟ್ಟೂ ಬೀಳ್ತಿತ್ತು. ಅವತ್ತು ನಿಮ್ಮ ಕೈ ಎಲ್ಲಿತ್ತು?”

ಆತ ನಕ್ಕು ಕೇಕಿನ ಕಡೆ ತಿರುಗಿದ. ಎಲ್ಲರಿಗಿಂತ ಚಿಕ್ಕವರು ಮೇಜಿನ ಕೆಳಗೆ ಹೋಗಲಿ ಎಂದ. ನಮ್ಮಲ್ಲಿ ಪದ್ಧತಿ ಹಾಗೆ: ಮೇಲೆ ಕತ್ತರಿಸಿದ ತುಂಡು ಯಾರಿಗೆ ಎಂದು ಕೆಳಗೆ ಕೂತ ಮಗು ನೋಡದೆ ಹೇಳಬೇಕು. ಮಕ್ಕಳು ಓಡಿ ಬಂದರು. ಒಡಿಲ್ ತಡೆದಳು.

“ಎಲ್ಲರಿಗಿಂತ ಚಿಕ್ಕದು ನೊಯೆಮಿ ಹೊಟ್ಟೇಲಿದೆ. ಅದರ ಪರವಾಗಿ ನಾನು ಹೋಗ್ತೀನಿ.”

ಮಂಡಿನೋವಿನ ಹೆಂಗಸು ಮೇಜುಬಟ್ಟೆ ಎತ್ತಿ ಒಳಗೆ ನುಸುಳಿದಳು. ಮೇಯರ್ ಒಂದೊಂದೇ ತುಂಡು ಎತ್ತಿ ಕೇಳಿದ. ಒಂದು ನೊಯೆಮಿಗೆ, ಒಂದು ಕೆಲಸ ಕಳೆದುಕೊಂಡ ನರ್ಸಮ್ಮನಿಗೆ, ಒಂದು ಹಿಮದಲ್ಲಿ ರೋಗಿಗಳ ವ್ಯಾನು ಓಡಿಸುವ ಅಗ್ನಿಶಾಮಕದವರಿಗೆ. ಕೇಕು ಮುಗಿಯುತ್ತ ಬಂತು. ಮೇಯರ್‌ಗೆ ಬೆವರು.

“ಸಂಸದರಿಗೆ?” ಎಂದು ತಾನೇ ಕೇಳಿದ.

“ಅವರಿಗೆ ಇಲ್ಲ ಅಂತ ಪಾಸಾಗಿಹೋಯ್ತು, ನನ್ನ ಕೈಯಲ್ಲಿ ಏನಿದೆ? ಮತದಾನವೇ ನಡೀಲಿಲ್ವಲ್ಲ.”

ಸಭೆ ಗೊಳ್ಳೆಂದಿತು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕಿದ್ದಷ್ಟೇ ಬಂತು.

ಫೆಬ್ರವರಿಯಲ್ಲಿ ನೊಯೆಮಿಗೆ ದಿನ ತುಂಬುವ ಮೊದಲೇ ನೋವು ಶುರುವಾಯಿತು. ಒಡಿಲ್ ಜೊತೆಗೆ ಹತ್ತಿದಳು. ಘಟ್ಟದ ಮೇಲೆ ವ್ಯಾನು ಹಿಮದಲ್ಲಿ ಸಿಕ್ಕಿಕೊಂಡಿತು. ಗಂಡು ಮಗು, ವ್ಯಾನಿನಲ್ಲೇ ಹುಟ್ಟಿ ವ್ಯಾನಿನಲ್ಲೇ ಹೋಯಿತು.

ಮಣ್ಣಿಗೆ ಲಾಫರ್ಗ್ ಬಿಳಿ ಹೂ ಹಿಡಿದು ಬಂದ. ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು ನನಗೆ. ಸ್ಮಶಾನದ ಗೇಟಿಗೆ ಒಡಿಲ್ ಅಡ್ಡ ನಿಂತಳು. ಖಾರದ ಬಾಯಿಯವಳು ಅಂದು ದನಿ ಎತ್ತಲಿಲ್ಲ.

“ನನ್ನ ಕೈಲೇ ಇತ್ತು. ಉಸಿರಾಡ್ತಿತ್ತು. ನಮ್ಮ ವಾರ್ಡಿನಲ್ಲಾಗಿದ್ರೆ ಉಳಿಸಿಕೊಳ್ತಿದ್ದೆ. ಇದನ್ನ ಹೋಗಿ ಪ್ಯಾರಿಸ್ಸಿನಲ್ಲಿ ಹೇಳಿ.”

ಹೇಳಿದನೋ ಇಲ್ಲವೋ, ಬೀಗ ತೆಗೆದಿಲ್ಲ. ಊರಿನಲ್ಲಿ ಇನ್ನೂ ಇಬ್ಬರು ಬಸುರಿಯರಿದ್ದಾರೆ.